ಎಂಜಿನ್ನಿನ ಉಸಿರು: ಹಳೇ ಕಾರಿಗೆ ವಿ.ವಿ.ಟಿ. ಕೂರಿಸಬಹುದೇ?



ನಾಲ್ಕು ಹೊಡೆತದ ಪೆಟ್ರೋಲ್ ಎಂಜಿನ್ನಿನ ಚಿತ್ರವನ್ನು ನಾವೆಲ್ಲರೂ ನೋಟ್ ಪುಸ್ತಕದಲ್ಲಿ ಬರೆದಿದ್ದೇವೆ. ಪಿಸ್ಟನ್ ಮೇಲಿನ ತುದಿಯಲ್ಲಿದ್ದಾಗ ಒಂದು ಕವಾಟ ತೆರೆಯುತ್ತದೆ, ಕೆಳತುದಿ ಮುಟ್ಟಿದ ಕೂಡಲೇ ಅದು ಮುಚ್ಚುತ್ತದೆ ಅಂತ ಬರೆದು ಅಂಕ ತಗೊಳ್ತೇವೆ. ಆದರೆ ನಿಜವಾದ ಎಂಜಿನ್ನನ್ನು ಬಿಚ್ಚಿ ಅಳತೆ ಮಾಡಿದರೆ ಹಾಗೆ ಇರೋದೇ ಇಲ್ಲ! ಕವಾಟ ಸ್ವಲ್ಪ ಮುಂಚೆಯೇ ತೆರೆಯುತ್ತದೆ, ತುಂಬಾ ತಡವಾಗಿ ಮುಚ್ಚುತ್ತದೆ. ಇದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ಯಾಕೆ ಹೀಗೆ? ಎಷ್ಟು ಮುಂಚೆ, ಎಷ್ಟು ತಡ? ಓಡುತ್ತಿರುವಾಗಲೇ ಅದನ್ನು ಬದಲಾಯಿಸಬಹುದೇ? ಆ ವಿದ್ಯೆ ಇಲ್ಲದ ಹಳೇ ಕಾರಿಗೆ ಅದನ್ನು ಕೂರಿಸಬಹುದೇ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕೋಣ ಬನ್ನಿ.

1. ಮೊದಲು ಹಳೇ ಪಾಠ

ಪಿಸ್ಟನ್ ನಾಲ್ಕು ಸಲ ಓಡಾಡಿದರೆ ಒಂದು ಆವರ್ತ ಮುಗಿಯುತ್ತದೆ.

ಅ) ಹೀರುವ ಹೊಡೆತ: ಪಿಸ್ಟನ್ ಕೆಳಗೆ. ಗಾಳಿ ಮತ್ತು ಪೆಟ್ರೋಲ್ ಒಳಕ್ಕೆ.
ಆ) ಅದುಮುವ ಹೊಡೆತ: ಪಿಸ್ಟನ್ ಮೇಲೆ. ಎರಡು ಕವಾಟವೂ ಬಂದ್.
ಇ) ಶಕ್ತಿ ಹೊಡೆತ: ಕಿಡಿ ಹಾರುತ್ತದೆ, ಮಿಶ್ರಣ ಉರಿಯುತ್ತದೆ, ಪಿಸ್ಟನ್ ಕೆಳಕ್ಕೆ ದೂಡಲ್ಪಡುತ್ತದೆ.
ಈ) ಹೊರದೂಡುವ ಹೊಡೆತ: ಪಿಸ್ಟನ್ ಮೇಲೆ. ಸುಟ್ಟ ಹೊಗೆ ಹೊರಕ್ಕೆ.

ಗಾಳಿ ಬರುವ ಬಾಗಿಲಿಗೆ ಒಳಕವಾಟ, ಹೊಗೆ ಹೋಗುವ ಬಾಗಿಲಿಗೆ ಹೊರಕವಾಟ ಅಂತ ಕರೆಯೋಣ. ಗ್ಯಾರೇಜಿನಲ್ಲಿ ಎರಡಕ್ಕೂ ವಾಲ್ವ್ ಅಂತಲೇ ಹೇಳ್ತಾರೆ.

ಈ ಬಾಗಿಲುಗಳನ್ನು ತೆರೆಯೋದು ಯಾರು? ಕ್ಯಾಮ್ ಶಾಫ್ಟ್. ಅದು ಒಂದು ಉಕ್ಕಿನ ಕಂಬಿ. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿವೆ. ಕಂಬಿ ತಿರುಗಿದಾಗ ಉಬ್ಬು ಬಂದು ಕವಾಟವನ್ನು ಒತ್ತುತ್ತದೆ, ಉಬ್ಬು ದಾಟಿದ ಮೇಲೆ ಸ್ಪ್ರಿಂಗ್ ಕವಾಟವನ್ನು ವಾಪಸ್ ಮುಚ್ಚುತ್ತದೆ. ಕೆಳಗಿನ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಶಾಫ್ಟ್ ಒಂದೇ ಸುತ್ತು. ಇವೆರಡನ್ನೂ ಹಲ್ಲಿನ ಬೆಲ್ಟ್ ಅಥವಾ ಚೈನು ಕಟ್ಟಿಹಾಕಿದೆ. ಹಾಗಾಗಿ ಕವಾಟದ ವೇಳಾಪಟ್ಟಿ ಕಾರ್ಖಾನೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ನಮ್ಮ ಶಾಲೆಯ ಗಂಟೆಯ ಹಾಗೆ, ಮಳೆ ಇರಲಿ ಬಿಸಿಲಿರಲಿ, ಅದೇ ಹೊತ್ತಿಗೆ.

2. ಗಾಳಿಗೂ ತೂಕ ಇದೆ

ಗಾಳಿ ಹಗುರ ಅಂತ ನಾವು ಅಂದುಕೊಳ್ತೇವೆ. ಆದರೆ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ತೂಕ ಇದ್ದ ಮೇಲೆ ಜಡತ್ವವೂ ಇರಲೇಬೇಕು, ನ್ಯೂಟನ್ ಹೇಳಿದ್ದು ಅದನ್ನೇ. ನಿಂತ ಗಾಳಿ ಥಟ್ಟನೆ ಓಡುವುದಿಲ್ಲ, ಓಡುವ ಗಾಳಿ ಥಟ್ಟನೆ ನಿಲ್ಲುವುದೂ ಇಲ್ಲ.

ಎಂಜಿನ್ ಜೋರಾಗಿ ತಿರುಗುವಾಗ ಪೈಪಿನಲ್ಲಿ ಗಾಳಿ ಬಹಳ ವೇಗವಾಗಿ ನುಗ್ಗುತ್ತಿರುತ್ತದೆ. ಪಿಸ್ಟನ್ ಕೆಳತುದಿ ಮುಟ್ಟಿ ಮೇಲೆ ಹೊರಟರೂ ಗಾಳಿ ತನ್ನ ಓಟದ ರಭಸಕ್ಕೆ ಇನ್ನೂ ಒಳಗೆ ಬರುತ್ತಲೇ ಇರುತ್ತದೆ. ಆಗ ಬಾಗಿಲನ್ನು ಬೇಗ ಮುಚ್ಚಿದರೆ ನಷ್ಟ, ತಡವಾಗಿ ಮುಚ್ಚಿದರೆ ಲಾಭ.

ಎಂಜಿನ್ ನಿಧಾನವಾಗಿ ತಿರುಗುವಾಗ ಇದು ಉಲ್ಟಾ. ಗಾಳಿಗೆ ರಭಸ ಇಲ್ಲ. ಬಾಗಿಲು ತೆರೆದೇ ಇದ್ದರೆ, ಮೇಲೆ ಬರುವ ಪಿಸ್ಟನ್ ಒಳಗೆ ಬಂದ ಗಾಳಿಯನ್ನೇ ವಾಪಸ್ ಪೈಪಿಗೆ ತಳ್ಳುತ್ತದೆ. ಆಗ ಬೇಗ ಮುಚ್ಚಿದರೇ ಲಾಭ.

ಇನ್ನೊಂದು ವಿಷಯ. ಹೊಗೆ ಹೊರಹೋಗುವ ಕೊನೆಯಲ್ಲಿ ಮತ್ತು ಗಾಳಿ ಒಳಬರುವ ಶುರುವಿನಲ್ಲಿ ಎರಡು ಕವಾಟಗಳೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಇದನ್ನು 'ಜೋಡಿ ತೆರವು' ಎನ್ನೋಣ. ಜೋರಿನ ಓಟದಲ್ಲಿ ಇದು ಒಳ್ಳೆಯದು. ಹೊರಗೆ ಓಡುವ ಹೊಗೆಯೇ ಹೊಸ ಗಾಳಿಯನ್ನು ಹಿಂದಿನಿಂದ ಎಳೆದುಕೊಳ್ಳುತ್ತದೆ. ಆದರೆ ನಿಂತಲ್ಲೇ ನಿಧಾನಕ್ಕೆ ಚಾಲೂ ಇರುವಾಗ ಹೊಗೆ ವಾಪಸ್ ಒಳಗೆ ಬಂದು ಹೊಸ ಗಾಳಿಯನ್ನು ಕೆಡಿಸುತ್ತದೆ. ಎಂಜಿನ್ ಗಡಗಡ ನಡುಗುತ್ತದೆ, ಕೆಲವೊಮ್ಮೆ ಆಫ್ ಆಗಿಬಿಡುತ್ತದೆ.

3. ಒಂದು ಸಣ್ಣ ಲೆಕ್ಕ

ನಿಮಿಷಕ್ಕೆ 1000 ಸುತ್ತು ತಿರುಗುವಾಗ ಒಂದು ಸುತ್ತಿಗೆ 60 ÷ 1000 = 0.06 ಸೆಕೆಂಡು. ಒಂದು ಹೊಡೆತ ಅಂದರೆ ಅರ್ಧ ಸುತ್ತು, ಅಂದರೆ 0.03 ಸೆಕೆಂಡು.

ನಿಮಿಷಕ್ಕೆ 6000 ಸುತ್ತಾದರೆ? ಒಂದು ಸುತ್ತಿಗೆ 0.01 ಸೆಕೆಂಡು. ಒಂದು ಹೊಡೆತಕ್ಕೆ 0.005 ಸೆಕೆಂಡು. ಅಂದರೆ ಉಸಿರೆಳೆದುಕೊಳ್ಳಲು ಸಿಗುವ ಸಮಯ ಆರನೇ ಒಂದು ಭಾಗ ಮಾತ್ರ! ಆ ವೇಗದಲ್ಲಿ ಒಂದೊಂದು ಕವಾಟವೂ ಒಂದು ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ.

ಹೀಗಿರುವಾಗ ಎರಡೂ ವೇಗಕ್ಕೆ ಒಂದೇ ವೇಳಾಪಟ್ಟಿ ಸರಿಹೋಗುತ್ತದೆಯೇ? ಖಂಡಿತ ಇಲ್ಲ. ಹಳೇ ಕಾಲದ ಎಂಜಿನಿಯರುಗಳು ಏನು ಮಾಡಿದರು ಅಂದರೆ, ನಡುವಿನ ಒಂದು ಲೆಕ್ಕ ಹಿಡಿದು ಒಪ್ಪಂದ ಮಾಡಿಕೊಂಡರು. ನಿಧಾನಕ್ಕೂ ಪೂರ್ತಿ ಸರಿಯಲ್ಲ, ಜೋರಿಗೂ ಪೂರ್ತಿ ಸರಿಯಲ್ಲ, ಆದರೂ ನಡೆಯುತ್ತದೆ.

ಇಲ್ಲಿ ಒಂದು ಮಾತು. ನಮ್ಮ ಹೊಲದ ಡೀಸೆಲ್ ಪಂಪ್‌ಸೆಟ್ಟಿಗೆ ಈ ತಾಪತ್ರಯವೇ ಇಲ್ಲ! ಅದು ಬೆಳಗಿನಿಂದ ಸಂಜೆವರೆಗೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತದೆ. ನಿಮಿಷಕ್ಕೆ 1500 ಸುತ್ತಿನ ಎಂಜಿನ್ ಆದರೆ, ಅದರ ಗವರ್ನರ್ ವೇಗವನ್ನು ಅಲ್ಲೇ ಹಿಡಿದಿಡುತ್ತದೆ. ಹಾಗಾಗಿ ಆ ಒಂದು ವೇಗಕ್ಕೆ ಸರಿಯಾದ ವೇಳಾಪಟ್ಟಿ ಇಟ್ಟರೆ ಮುಗಿಯಿತು. ಕಾರು ಹಾಗಲ್ಲ. ಸಂತೆ ಬೀದಿಯಲ್ಲಿ ತೆವಳಬೇಕು, ಘಾಟಿ ಹತ್ತಬೇಕು, ಹೆದ್ದಾರಿಯಲ್ಲಿ ಓಡಬೇಕು. ಅದಕ್ಕೇ ಕಾರಿಗೆ ಬೇರೆ ವಿದ್ಯೆ ಬೇಕಾಯಿತು.

4. ವಿ.ವಿ.ಟಿ. ಅಂದರೇನು?

ವೇರಿಯಬಲ್ ವಾಲ್ವ್ ಟೈಮಿಂಗ್ ಎಂಬುದರ ಚಿಕ್ಕ ರೂಪ ವಿ.ವಿ.ಟಿ. ಕನ್ನಡದಲ್ಲಿ 'ಬದಲಾಗುವ ಕವಾಟ ವೇಳೆ' ಎನ್ನಬಹುದು. ಎಂಜಿನ್ನಿನ ವೇಗ, ಹೊರೆ ನೋಡಿಕೊಂಡು ಕವಾಟದ ವೇಳೆಯನ್ನು ಹಿಂದೆ ಮುಂದೆ ಮಾಡುವ ಏರ್ಪಾಡು ಇದು.

ಒಂದು ಉದಾಹರಣೆ ಲೆಕ್ಕ ಮಾಡೋಣ. ಒಳಕವಾಟ ಪಿಸ್ಟನ್ನಿನ ಮೇಲ್ತುದಿಗೆ 10 ಡಿಗ್ರಿ ಮುಂಚೆ ತೆರೆದು, ಕೆಳತುದಿ ದಾಟಿ 50 ಡಿಗ್ರಿ ಆದ ಮೇಲೆ ಮುಚ್ಚುತ್ತದೆ ಅಂತ ಇಟ್ಟುಕೊಳ್ಳಿ. ಒಟ್ಟು ತೆರೆದಿರುವುದು 10 + 180 + 50 = 240 ಡಿಗ್ರಿ. ಹೊರಕವಾಟ ಮೇಲ್ತುದಿ ದಾಟಿ 10 ಡಿಗ್ರಿಗೆ ಮುಚ್ಚಿದರೆ ಜೋಡಿ ತೆರವು 20 ಡಿಗ್ರಿ.

ಈಗ ಒಳಕವಾಟದ ಕ್ಯಾಮ್ ಶಾಫ್ಟನ್ನು ಮಾತ್ರ, ಕ್ರ್ಯಾಂಕ್ ಶಾಫ್ಟಿನ ಲೆಕ್ಕದಲ್ಲಿ 20 ಡಿಗ್ರಿ ಮುಂದಕ್ಕೆ ತಿರುಗಿಸಿ. ಕವಾಟ 30 ಡಿಗ್ರಿ ಮುಂಚೆ ತೆರೆಯುತ್ತದೆ, ಕೆಳತುದಿ ದಾಟಿ 30 ಡಿಗ್ರಿಗೇ ಮುಚ್ಚುತ್ತದೆ. ತೆರೆದಿರುವ ಒಟ್ಟು ಹೊತ್ತು ಅದೇ 240. ಆದರೆ ಜೋಡಿ ತೆರವು 40 ಡಿಗ್ರಿ ಆಯಿತು! ಬಾಗಿಲು ತೆರೆದಿರುವ ಕಾಲ ಬದಲಾಗಲಿಲ್ಲ, ಬಾಗಿಲು ತೆರೆಯುವ ವೇಳೆ ಬದಲಾಯಿತು, ಅಷ್ಟೆ. ಇದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಿ, ಇಡೀ ವಿಷಯದ ಬೇರು ಇಲ್ಲಿದೆ.

ಸಾಮಾನ್ಯವಾಗಿ ಹೀಗೆ ನಡೆಸುತ್ತಾರೆ:
* ನಿಂತಲ್ಲೇ ಚಾಲೂ ಇರುವಾಗ: ಹಿಂದಕ್ಕೆ. ಜೋಡಿ ತೆರವು ಕಡಿಮೆ, ಎಂಜಿನ್ ನಡುಗುವುದಿಲ್ಲ.
* ನಡುವೇಗದಲ್ಲಿ, ಏರು ಹತ್ತುವಾಗ: ಮುಂದಕ್ಕೆ. ಕವಾಟ ಬೇಗ ಮುಚ್ಚುತ್ತದೆ, ಗಾಳಿ ವಾಪಸ್ ಹೋಗುವುದಿಲ್ಲ, ಎಳೆತ ಹೆಚ್ಚು.
* ಬಹಳ ಜೋರಿನಲ್ಲಿ: ಮತ್ತೆ ಹಿಂದಕ್ಕೆ. ಗಾಳಿಯ ರಭಸದ ಲಾಭ ಪಡೆಯಲು ತಡವಾಗಿ ಮುಚ್ಚುತ್ತದೆ.

ಇದಕ್ಕೆ ಎರಡು ಕ್ಯಾಮ್ ಶಾಫ್ಟ್ ಇದ್ದರೆ ಅನುಕೂಲ. ಮಾರುತಿ 800ರ ಹಾಗೆ ಒಂದೇ ಕ್ಯಾಮ್ ಶಾಫ್ಟ್ ಇದ್ದರೆ, ಒಳಕವಾಟದ ಉಬ್ಬೂ ಹೊರಕವಾಟದ ಉಬ್ಬೂ ಒಂದೇ ಕಂಬಿಯ ಮೇಲಿರುತ್ತವೆ. ಕಂಬಿ ತಿರುಗಿಸಿದರೆ ಎರಡೂ ಒಟ್ಟಿಗೆ ಜರುಗುತ್ತವೆ. ಜೋಡಿ ತೆರವು ಇದ್ದಷ್ಟೇ ಇರುತ್ತದೆ.

5. ಓಡುವ ಎಂಜಿನ್ನಿನಲ್ಲಿ ಕ್ಯಾಮ್ ತಿರುಗಿಸೋದು ಹೇಗೆ?

ಕ್ಯಾಮ್ ಶಾಫ್ಟಿನ ತುದಿಯಲ್ಲಿ ಹಲ್ಲಿನ ಗಾಲಿ ಇದೆಯಲ್ಲ, ಗುಟ್ಟು ಅದರೊಳಗಿದೆ. ಗಾಲಿಯನ್ನು ಎರಡು ಭಾಗ ಮಾಡಿರುತ್ತಾರೆ. ಹೊರಭಾಗವನ್ನು ಬೆಲ್ಟ್ ತಿರುಗಿಸುತ್ತದೆ. ಒಳಭಾಗ ಕ್ಯಾಮ್ ಶಾಫ್ಟಿಗೆ ಬಿಗಿದಿರುತ್ತದೆ. ಇವೆರಡರ ನಡುವೆ ತಿರುಪಿನ ಹಾಗೆ ಓರೆಯಾಗಿ ಕೊರೆದ ಹಲ್ಲುಗಳುಳ್ಳ ಒಂದು ಚಿಕ್ಕ ಪಿಸ್ಟನ್ ಇರುತ್ತದೆ. ಎಂಜಿನ್ ಆಯಿಲಿನ ಒತ್ತಡ ಆ ಪಿಸ್ಟನ್ನನ್ನು ನೂಕಿದರೆ, ಅದು ನೇರವಾಗಿ ಜರುಗುತ್ತಾ ಓರೆ ಹಲ್ಲಿನಿಂದಾಗಿ ಒಳಭಾಗವನ್ನು ಸ್ವಲ್ಪ ತಿರುಗಿಸುತ್ತದೆ. ಆಯಿಲ್ ಬಿಟ್ಟರೆ ಸ್ಪ್ರಿಂಗ್ ಅದನ್ನು ವಾಪಸ್ ತರುತ್ತದೆ. ತೂಬು ಎತ್ತಿದರೆ ನೀರು, ಇಳಿಸಿದರೆ ಬಂದ್, ಹಾಗೆ.

ಆಯಿಲಿನ ಈ ತೂಬನ್ನು ಎತ್ತುವುದು ಒಂದು ಸಣ್ಣ ವಿದ್ಯುತ್ಕಾಂತ. ಎಂಟನೇ ತರಗತಿಯಲ್ಲಿ ಮೊಳೆಗೆ ತಂತಿ ಸುತ್ತಿ ಮಾಡಿದೆವಲ್ಲ, ಅದೇ ತತ್ವ. ಯಾವಾಗ ಎತ್ತಬೇಕು ಅಂತ ಹೇಳುವುದು ಎಂಜಿನ್ನಿನ ಕಂಪ್ಯೂಟರ್.

ಅಂದರೆ ನೋಡಿ, ವಿ.ವಿ.ಟಿ.ಗೆ ಬೇಕಾದ್ದು ಐದು: ವಿಶೇಷ ಗಾಲಿ, ಅದಕ್ಕೆ ಆಯಿಲ್ ಹೋಗುವ ದಾರಿ, ವಿದ್ಯುತ್ ತೂಬು, ಸುತ್ತು ಮತ್ತು ಸ್ಥಾನ ತಿಳಿಸುವ ಸೆನ್ಸರ್, ಎಲ್ಲಕ್ಕೂ ಯಜಮಾನನಾದ ಕಂಪ್ಯೂಟರ್. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

6. ಬೆಳೆದು ಬಂದ ದಾರಿ

* 1980: ಇಟಲಿಯ ಆಲ್ಫಾ ರೋಮಿಯೋ ಕಂಪನಿ ತನ್ನ ಸ್ಪೈಡರ್ ಕಾರಿನಲ್ಲಿ ಮೊದಲ ಬಾರಿಗೆ ಮಾರಾಟದ ಕಾರಿಗೆ ಇಂಥ ಏರ್ಪಾಡು ತಂದಿತು.
* 1989: ಜಪಾನಿನ ಹೋಂಡಾ ಕಂಪನಿ ಇಂಟಿಗ್ರಾ ಕಾರಿನಲ್ಲಿ 'ವಿ-ಟೆಕ್' ತಂದಿತು. ಇದರ ದಾರಿಯೇ ಬೇರೆ. ನಿಧಾನಕ್ಕೆ ಒಂದು ಉಬ್ಬು, ಜೋರಿಗೆ ಇನ್ನೊಂದು ದೊಡ್ಡ ಉಬ್ಬು. 1.6 ಲೀಟರಿನ ಎಂಜಿನ್ನಿನಲ್ಲಿ 160 ಅಶ್ವಶಕ್ತಿ!
* 1991: ಟೊಯೊಟಾ ಕಂಪನಿಯ 20 ಕವಾಟದ 4ಎ-ಜಿಇ ಎಂಜಿನ್ನಿಗೆ ವಿ.ವಿ.ಟಿ. ಬಂತು. ಇದು ಎರಡೇ ಸ್ಥಾನದ್ದು, ಹಿಂದೆ ಅಥವಾ ಮುಂದೆ.
* 1990ರ ದಶಕದ ನಡುವಿನಿಂದ ಟೊಯೊಟಾದ 'ವಿ.ವಿ.ಟಿ.-ಐ' ಬಂದು, ಎರಡು ಸ್ಥಾನದ ಬದಲು ನಡುವಿನ ಯಾವ ಡಿಗ್ರಿಗೆ ಬೇಕಾದರೂ ನಿಲ್ಲಿಸುವಂತಾಯಿತು.

ನಮ್ಮ ರಾಜ್ಯಕ್ಕೂ ಇದಕ್ಕೂ ನಂಟಿದೆ. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2003ರಲ್ಲಿ ತಯಾರಾಗತೊಡಗಿದ ಕರೊಲಾ ಕಾರಿನ 1.8 ಲೀಟರ್ ಪೆಟ್ರೋಲ್ ಎಂಜಿನ್ನಿನಲ್ಲಿ ಇದೇ ವಿ.ವಿ.ಟಿ.-ಐ ಇತ್ತು.

7. ನಿಜವಾದ ಒಂದು ಉದಾಹರಣೆ: 'ಎಂಟು-ಆರು'

ಹಳೇ ಕಾರಿಗೆ ವಿ.ವಿ.ಟಿ. ಕೂರಿಸಿದ ಕಥೆಗೆ ಜಪಾನಿನ ಒಂದು ಕಾರು ಪ್ರಸಿದ್ಧ. 1983ರಿಂದ 1987ರವರೆಗೆ ತಯಾರಾದ ಟೊಯೊಟಾ ಕರೊಲಾ ಲೆವಿನ್ ಮತ್ತು ಸ್ಪ್ರಿಂಟರ್ ಟ್ರೂನೊ ಕಾರುಗಳ ಸಂಕೇತ ಎಇ86. ಜಪಾನಿ ಭಾಷೆಯಲ್ಲಿ 'ಹಚಿ-ರೋಕು', ಅಂದರೆ ಎಂಟು-ಆರು ಅಂತ ಪ್ರೀತಿಯಿಂದ ಕರೀತಾರೆ. 1995ರಲ್ಲಿ ಶುರುವಾದ 'ಇನಿಷಿಯಲ್ ಡಿ' ಎಂಬ ಜಪಾನಿ ಚಿತ್ರಕಥೆಯಿಂದ ಇದು ಮನೆಮಾತಾಯಿತು. ಅದರ ನಾಯಕ ಬೆಟ್ಟದ ರಸ್ತೆಯಲ್ಲಿ ಟ್ರೂನೊ ಕಾರಿನಲ್ಲಿ ಟೋಫು ಸಾಗಿಸುವ ಹುಡುಗ. ಕಥೆಯ ನಡುವೆ ಹಳೇ ಎಂಜಿನ್ ಕೆಟ್ಟು, 20 ಕವಾಟದ ರೇಸಿನ ಎಂಜಿನ್ ಬಂದು ಕೂರುತ್ತದೆ. ಕಥೆ ಇರಲಿ, ನಿಜ ಜೀವನದಲ್ಲೂ ಎಷ್ಟೋ ಜನ ಇದೇ ಕೆಲಸ ಮಾಡಿದ್ದಾರೆ.

ಎರಡು ಎಂಜಿನ್ನುಗಳನ್ನು ಹೋಲಿಸಿ ನೋಡಿ:

ಹಳೇ 4ಎ-ಜಿಇ: 16 ಕವಾಟ. 1587 ಘನ ಸೆಂ.ಮೀ. ವಿ.ವಿ.ಟಿ. ಇಲ್ಲ. ಜಪಾನಿನಲ್ಲಿ ಹೇಳಿದ ಶಕ್ತಿ 130 ಅಶ್ವಶಕ್ತಿ.
1991ರ 4ಎ-ಜಿಇ, ಬೆಳ್ಳಿ ಬಣ್ಣದ ಮುಚ್ಚಳದ್ದು: 20 ಕವಾಟ. ಅದೇ 1587 ಘನ ಸೆಂ.ಮೀ. ವಿ.ವಿ.ಟಿ. ಇದೆ. ನಿಮಿಷಕ್ಕೆ 7400 ಸುತ್ತಿನಲ್ಲಿ 160 ಅಶ್ವಶಕ್ತಿ.
1995ರ 4ಎ-ಜಿಇ, ಕಪ್ಪು ಮುಚ್ಚಳದ್ದು: 20 ಕವಾಟ. ಅದೇ ಗಾತ್ರ. ವಿ.ವಿ.ಟಿ. ಇದೆ. 7800 ಸುತ್ತಿನಲ್ಲಿ 165 ಅಶ್ವಶಕ್ತಿ.

ಸಿಲಿಂಡರಿನ ವ್ಯಾಸ 81 ಮಿ.ಮೀ., ಪಿಸ್ಟನ್ ಓಡಾಟ 77 ಮಿ.ಮೀ. ಮೂರಕ್ಕೂ ಒಂದೇ. ಗಾತ್ರ ಒಂದು ಚೂರೂ ಹೆಚ್ಚಲಿಲ್ಲ, ಉಸಿರಾಟ ಮಾತ್ರ ಸುಧಾರಿಸಿತು. ಒಂದೇ ಎದೆ, ಆದರೆ ಪಳಗಿದ ಈಜುಗಾರನ ಉಸಿರು!

ಆದರೆ ಇಲ್ಲಿ ಮೋಸ ಹೋಗಬಾರದು. 130ರಿಂದ 160 ಆದದ್ದು ಪೂರ್ತಿ ವಿ.ವಿ.ಟಿ.ಯಿಂದ ಅಲ್ಲ. ಹೊಸ ಎಂಜಿನ್ನಿನಲ್ಲಿ ಸಿಲಿಂಡರಿಗೆ ಐದು ಕವಾಟ, ಮೂರು ಒಳಕ್ಕೆ, ಎರಡು ಹೊರಕ್ಕೆ. ನಾಲ್ಕು ಸಿಲಿಂಡರಿಗೂ ಬೇರೆ ಬೇರೆ ಗಾಳಿ ಬಾಗಿಲು. ಅದುಮುವ ಪ್ರಮಾಣ ಬೆಳ್ಳಿಯದರಲ್ಲಿ 10.5, ಕಪ್ಪಿನದರಲ್ಲಿ 11. ಇವೆಲ್ಲ ಸೇರಿ ಶಕ್ತಿ ಬಂತು. ವಿ.ವಿ.ಟಿ. ಮಾಡಿದ ಮುಖ್ಯ ಉಪಕಾರ ಬೇರೆ. ಇಷ್ಟು ಜೋರಿಗೆ ತಿರುಗುವ ಎಂಜಿನ್ ನಡುವೇಗದಲ್ಲಿ ಸತ್ತಂತಾಗದೆ, ನಿಂತಲ್ಲಿ ನಡುಗದೆ, ದಿನನಿತ್ಯ ಓಡಿಸಲು ಯೋಗ್ಯವಾಗಿ ಉಳಿಯಿತು. ಇನ್ನೊಂದು, ಹಳೇ 130 ಎಂಬುದು ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು ಅಳೆದ ಉದಾರ ಲೆಕ್ಕ, ಹೊಸದು ಬಿಗಿಯಾದ ಲೆಕ್ಕ. ಆದ್ದರಿಂದ ಎರಡನ್ನು ಸುಮ್ಮನೆ ಕಳೆದು 30 ಹೆಚ್ಚಾಯಿತು ಅನ್ನೋದೂ ಸರಿಯಲ್ಲ.

8. ಬರೀ ಗಾಲಿ ತಂದು ಸಿಕ್ಕಿಸಿದರೆ ಆಗಲ್ವಾ?

ಯಾರಾದರೂ ಕೇಳುವ ಮೊದಲ ಪ್ರಶ್ನೆ ಇದೇ. ಹಳೇ ಎಂಜಿನ್ನಿನಲ್ಲೂ ಎರಡು ಕ್ಯಾಮ್ ಶಾಫ್ಟ್ ಇದೆ, ಗಾಲಿ ಒಂದನ್ನು ಬದಲಾಯಿಸಿದರೆ ಸಾಕಲ್ಲ ಅಂತ. ಸಾಲದು. ಐದರ ಪಟ್ಟಿಯನ್ನು ಮತ್ತೆ ತೆಗೆಯಿರಿ. ಹಳೇ ಹೆಡ್ಡಿನಲ್ಲಿ ಗಾಲಿಗೆ ಆಯಿಲ್ ಹೋಗುವ ರಂಧ್ರವನ್ನೇ ಕೊರೆದಿಲ್ಲ. ವಿದ್ಯುತ್ ತೂಬಿಗೆ ಜಾಗ ಇಲ್ಲ. ಹಳೇ ಕಂಪ್ಯೂಟರಿಗೆ ಆ ಆಜ್ಞೆ ಕೊಡಲು ತಿಳಿಯದು. ಐದರಲ್ಲಿ ಒಂದು ಬಂತು, ನಾಲ್ಕು ಬಾಕಿ.

ಹೋಗಲಿ, 20 ಕವಾಟದ ಹೆಡ್ ಮಾತ್ರ ತಂದು ಹಳೇ ಬ್ಲಾಕಿನ ಮೇಲೆ ಕೂರಿಸಿದರೆ? ಆಗ ಇನ್ನೊಂದು ಅಪಾಯ. ಪಿಸ್ಟನ್ನಿನ ತಲೆಯ ಮೇಲೆ ಕವಾಟಗಳಿಗೆ ತಗಲದಂತೆ ಗುಳಿ ತೋಡಿರುತ್ತಾರೆ. ನಾಲ್ಕು ಕವಾಟಕ್ಕೆ ತೋಡಿದ ಗುಳಿ ಐದು ಕವಾಟಕ್ಕೆ ಹೊಂದುವುದಿಲ್ಲ. ಅದರ ಮೇಲೆ ಕ್ಯಾಮ್ ಮುಂದಕ್ಕೆ ತಿರುಗಿದಾಗ ಕವಾಟ ಇನ್ನೂ ಬೇಗ ಕೆಳಗಿಳಿಯುತ್ತದೆ, ಪಿಸ್ಟನ್ ಇನ್ನೂ ಮೇಲೆಯೇ ಇರುತ್ತದೆ. ಎರಡೂ ಡಿಕ್ಕಿ ಹೊಡೆದರೆ ಕವಾಟ ಬಾಗುತ್ತದೆ, ಪಿಸ್ಟನ್ ತೂತಾಗಬಹುದು, ಎಂಜಿನ್ ಗುಜರಿಗೆ. ಹಾಗಾಗಿ ಅನುಭವಸ್ಥರು ಇಡೀ ಎಂಜಿನ್ನನ್ನೇ, ಅದರ ವೈರಿಂಗ್ ಮತ್ತು ಕಂಪ್ಯೂಟರ್ ಸಮೇತ ತರುತ್ತಾರೆ. ಹಾಲು ಬೇಕಾದರೆ ಕೆಚ್ಚಲು ಮಾತ್ರ ತರಕ್ಕಾಗುತ್ತದೆಯೇ? ಹಸುವನ್ನೇ ತರಬೇಕು.

9. ಇಡೀ ಎಂಜಿನ್ ತಂದರೂ ತೊಡಕು ತಪ್ಪಿದ್ದಲ್ಲ

20 ಕವಾಟದ ಎಂಜಿನ್ ಹುಟ್ಟಿದ್ದು ಮುಂದಿನ ಚಕ್ರ ತಿರುಗಿಸುವ ಕಾರಿಗೆ. ಅಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ. ಎಇ86ರಲ್ಲಿ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಎಂಜಿನ್ ಉದ್ದಕ್ಕೆ ಕೂರಬೇಕು. ಅಡ್ಡ ಇದ್ದದ್ದನ್ನು ಉದ್ದ ತಿರುಗಿಸಿದ ಕೂಡಲೇ ಒಂದೊಂದೇ ತೊಡಕು ಬರುತ್ತದೆ.

ಮೊದಲನೆಯದು: ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಹೆಡ್ಡಿನ ತುದಿಯಲ್ಲಿದೆ. ಉದ್ದಕ್ಕೆ ಕೂರಿಸಿದರೆ ಅದು ಎಂಜಿನ್ನಿಗೂ ಒಳಗಿನ ಜನಕ್ಕೂ ನಡುವೆ ಇರುವ ತಗಡಿನ ಗೋಡೆಗೆ ಬಡಿಯುತ್ತದೆ. ಕೆಲವರು ಗೋಡೆಯನ್ನು ತಗ್ಗು ಮಾಡ್ತಾರೆ. ಕೆಲವರು ಡಿಸ್ಟ್ರಿಬ್ಯೂಟರನ್ನೇ ತೆಗೆದುಹಾಕಿ ಬೇರೆ ಕಾಯಿಲ್ ಮತ್ತು ಹೊಸ ಕಂಪ್ಯೂಟರ್ ಹಾಕ್ತಾರೆ.

ಎರಡನೆಯದು: ಬಿಸಿನೀರು ಹೊರಬರುವ ದಾರಿಯೂ ಅದೇ ಹಿಂಬದಿಯಲ್ಲಿದೆ. ರೇಡಿಯೇಟರ್ ಇರೋದು ಮುಂದೆ. ನೀರಿನ ಪೈಪನ್ನು ಸುತ್ತಿ ತರಬೇಕು. ಇದರಲ್ಲಿ ಸಸಾರ ಮಾಡಿದರೆ ಎಂಜಿನ್ ಕಾದು ಹೆಡ್ ಸೊಟ್ಟಗಾಗುತ್ತದೆ.

ಮೂರನೆಯದು: ಗೇರ್ ಬಾಕ್ಸ್. ಇಲ್ಲಿ ಅದೃಷ್ಟ ಒಳ್ಳೆಯದಿದೆ. ಎರಡೂ ಎಂಜಿನ್ ಒಂದೇ ವಂಶದವು. ಆದ್ದರಿಂದ ಎಇ86ರ ಸ್ವಂತ ಗೇರ್ ಬಾಕ್ಸ್ ಹೊಸ ಬ್ಲಾಕಿಗೆ ಹೊಂದುತ್ತದೆ. ಎಂಟು-ಆರಕ್ಕೆ ಈ ಎಂಜಿನ್ನೇ ಜನಪ್ರಿಯ ಆಗಲು ಮುಖ್ಯ ಕಾರಣ ಇದು. ಬೇರೆ ವಂಶದ ಎಂಜಿನ್ ಆದರೆ ನಡುವೆ ಹೊಂದಿಕೆ ತಟ್ಟೆ ಮಾಡಿಸಬೇಕು.

ನಾಲ್ಕನೆಯದು: ಕಂಪ್ಯೂಟರ್ ಮತ್ತು ಸೆನ್ಸರ್. ಬೆಳ್ಳಿ ಮುಚ್ಚಳದ್ದು ಒಳಬರುವ ಗಾಳಿಯ ಹರಿವನ್ನು ಅಳೆಯುತ್ತದೆ, ಕಪ್ಪು ಮುಚ್ಚಳದ್ದು ಗಾಳಿಯ ಒತ್ತಡವನ್ನು ಅಳೆಯುತ್ತದೆ. ಒಂದರ ಕಂಪ್ಯೂಟರಿಗೆ ಇನ್ನೊಂದರ ಸೆನ್ಸರ್ ಹಾಕಿದರೆ ಭಾಷೆ ಗೊತ್ತಿಲ್ಲದ ಊರಿಗೆ ಹೋದಂತೆ.

ಐದನೆಯದು, ಜನ ಮರೆಯುವುದು: ಬ್ರೇಕ್. ಓಡುವ ಶಕ್ತಿ ಹೆಚ್ಚಿದ ಮೇಲೆ ನಿಲ್ಲುವ ಶಕ್ತಿಯೂ ಹೆಚ್ಚಬೇಕು. ಹಳೇ ಬ್ರೇಕು, ಸವೆದ ಟಯರು, ದಣಿದ ಸ್ಪ್ರಿಂಗ್ ಇಟ್ಟುಕೊಂಡು ಎಂಜಿನ್ ಮಾತ್ರ ಬದಲಾಯಿಸೋದು ಜೀವಕ್ಕೇ ಕುತ್ತು.

10. ಚಾಲೂ ಮಾಡುವ ಮುಂಚೆ

ಒಳ್ಳೆಯ ಮೆಕ್ಯಾನಿಕ್ ಕೀಲಿ ತಿರುಗಿಸಲು ಅವಸರ ಪಡುವುದಿಲ್ಲ. ಅವನ ಕ್ರಮ ಹೀಗಿರುತ್ತದೆ:

* ತಂದ ಹಳೇ ಎಂಜಿನ್ನಿನ ನಾಲ್ಕೂ ಸಿಲಿಂಡರಿನ ಒತ್ತಡ ಅಳೆದು ಬರೆದಿಡುವುದು. ಒಂದರಲ್ಲಿ ತುಂಬಾ ಕಡಿಮೆ ಇದ್ದರೆ ರಿಂಗ್ ಅಥವಾ ಕವಾಟ ಹೋಗಿದೆ ಎಂದರ್ಥ.
* ಟೈಮಿಂಗ್ ಬೆಲ್ಟನ್ನು ಹೊಸದೇ ಹಾಕುವುದು. ಗಾಲಿಗಳ ಮೇಲಿನ ಗುರುತು ಸರಿಹೊಂದಿಸುವುದು. ಒಂದು ಹಲ್ಲು ತಪ್ಪಿದರೂ ವೇಳಾಪಟ್ಟಿ ಕೆಟ್ಟಿತು.
* ಸ್ಪಾರ್ಕ್ ಪ್ಲಗ್ ಬಿಚ್ಚಿ, ಪಾನ ಹಾಕಿ ಕೈಯಿಂದಲೇ ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸುವುದು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಬೇಕು. ಕೈಗೆ ಸಿಕ್ಕ ತಡೆ ರಿಪೇರಿ ಆಗುತ್ತದೆ, ಸ್ಟಾರ್ಟರ್ ಮೋಟಾರಿಗೆ ಸಿಕ್ಕ ತಡೆ ಮುರಿಯುತ್ತದೆ.
* ಹೆಡ್ ಅಥವಾ ಪಿಸ್ಟನ್ ಬದಲಾಗಿದ್ದರೆ, ಪಿಸ್ಟನ್ ತಲೆಯ ಮೇಲೆ ಮಕ್ಕಳ ಆಟದ ಮೇಣದಂಥ ಮಣ್ಣು ಮೆತ್ತಿ, ಹೆಡ್ ಕೂರಿಸಿ, ಕೈಯಿಂದ ತಿರುಗಿಸಿ, ಮತ್ತೆ ಬಿಚ್ಚಿ ನೋಡುವುದು. ಕವಾಟ ಒತ್ತಿದ ಕಡೆ ಉಳಿದ ಮಣ್ಣಿನ ದಪ್ಪವೇ ನಡುವಿನ ಅಂತರ.
* ಆಯಿಲ್ ಮತ್ತು ಫಿಲ್ಟರ್ ಹೊಸದು. ವಿ.ವಿ.ಟಿ. ಕೆಲಸ ಮಾಡೋದೇ ಆಯಿಲ್ ಒತ್ತಡದಿಂದ. ಕಸ ಸಿಕ್ಕಿಕೊಂಡರೆ ತೂಬು ಅಂಟಿಕೊಳ್ಳುತ್ತದೆ.

ತೂಬು ಮುಂದಿನ ಸ್ಥಾನದಲ್ಲಿ ಅಂಟಿಕೊಂಡರೆ ನಿಂತಲ್ಲಿ ಎಂಜಿನ್ ನಡುಗುತ್ತದೆ. ಹಿಂದಿನ ಸ್ಥಾನದಲ್ಲಿ ಅಂಟಿಕೊಂಡರೆ ನಡುವೇಗದಲ್ಲಿ ಎಳೆತ ಇರುವುದಿಲ್ಲ. 20 ಕವಾಟದ 4ಎ-ಜಿಇಯಲ್ಲಿ ಆ ವಿಶೇಷ ಗಾಲಿ ಸವೆದರೆ, ಪೆಟ್ರೋಲ್ ಎಂಜಿನ್ನೇ ಡೀಸೆಲ್ಲಿನ ಹಾಗೆ ಕಟಕಟ ಸದ್ದು ಮಾಡುತ್ತದೆ. ಕಾಯಿಲೆ ಗುರುತಿಸಲು ಕಿವಿಯೇ ಮೊದಲ ಉಪಕರಣ.

11. ಹಾಗಾದರೆ ನಮ್ಮ ಕಡೆಯ ಹಳೇ ಕಾರಿಗೆ?

ಹಳೇ ಕಾರಿಗೆ ಹೊಸ ಎಂಜಿನ್ ಕೂರಿಸೋದು ನಮ್ಮ ದೇಶಕ್ಕೂ ಹೊಸದಲ್ಲ. 1990ರ ದಶಕದಲ್ಲಿ ಅಂಬಾಸಿಡರ್ ಕಾರಿಗೆ ಅದರ ಕಂಪನಿಯೇ ಜಪಾನಿನ ಇಸುಝು ವಿನ್ಯಾಸದ 1.8 ಲೀಟರ್ ಎಂಜಿನ್ ಹಾಕಿ, ಜೊತೆಗೆ ಐದು ಗೇರಿನ ಪೆಟ್ಟಿಗೆಯನ್ನೂ ಕೊಟ್ಟಿತ್ತು. ಅದರಲ್ಲಿ ವಿ.ವಿ.ಟಿ. ಇರಲಿಲ್ಲ. ಆದರೆ ಪಾಠ ಒಂದೇ. ಕಂಪನಿಯವರೂ ಒಂದು ಬಿಡಿಭಾಗ ಸಿಕ್ಕಿಸಲಿಲ್ಲ, ಎಂಜಿನ್ ಮತ್ತು ಗೇರನ್ನು ಜೊತೆಯಾಗಿ ಬದಲಾಯಿಸಿದರು.

ಮಾಲೀಕರೇ ಮಾಡಿಸುವುದಾದರೆ ಕಾನೂನನ್ನೂ ನೋಡಬೇಕು. ಗಾಡಿಯ ಆರ್.ಸಿ. ಪುಸ್ತಕದಲ್ಲಿ ಎಂಜಿನ್ ಸಂಖ್ಯೆ ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. ಎಂಜಿನ್ ಬದಲಾಯಿಸಬೇಕಾದರೆ ಮುಂಚಿತವಾಗಿ ಆರ್.ಟಿ.ಓ. ಕಚೇರಿಯ ಅನುಮತಿ ಬೇಕು, ವಿಮೆಯವರಿಗೂ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ಪರಿಹಾರದ ಹಣಕ್ಕೇ ತೊಂದರೆ ಬರಬಹುದು.

ಇನ್ನು ಖರ್ಚಿನ ಮಾತು. ಬಾಡಿಗೆ ಹೊಡೆದು ಸಂಸಾರ ಸಾಗಿಸುವವರ ಕಾರು ಏರು ಹತ್ತುತ್ತಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅಂದರೆ ಮೊದಲು ನೋಡಬೇಕಾದ್ದು ಹಳೇ ಎಂಜಿನ್ನಿನ ಆರೋಗ್ಯ. ಏರ್ ಫಿಲ್ಟರ್, ಪ್ಲಗ್, ಕವಾಟದ ಸಂದು, ಬೆಲ್ಟಿನ ಗುರುತು, ಸಿಲಿಂಡರ್ ಒತ್ತಡ, ಇಷ್ಟು ಸರಿಯಾದರೆ ಎಷ್ಟೋ ಸಲ ಕಳೆದ ಶಕ್ತಿ ವಾಪಸ್ ಬರುತ್ತದೆ. ಹೊಸ ವಿದ್ಯೆಗೆ ಹಣ ಸುರಿಯುವ ಮುಂಚೆ ಇದ್ದ ವಿದ್ಯೆ ನೆಟ್ಟಗಿದೆಯೇ ನೋಡಬೇಕು. ಯಾರಾದರೂ 'ಒಂದು ಗಾಲಿ ಬದಲಾಯಿಸಿದರೆ ಪಿಕಪ್ ಡಬಲ್ ಆಗುತ್ತೆ' ಅಂದರೆ, ಐದರ ಪಟ್ಟಿ ಹೇಳಿ, ಉಳಿದ ನಾಲ್ಕು ಎಲ್ಲಿ ಅಂತ ಕೇಳಿ. ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ನೆನಪಿಡಿ

* ಗಾಳಿಗೆ ತೂಕ ಇರುವುದರಿಂದಲೇ ಕವಾಟ ಮುಂಚೆ ತೆರೆದು ತಡವಾಗಿ ಮುಚ್ಚಬೇಕು.
* ನಿಧಾನಕ್ಕೆ ಒಂದು ವೇಳೆ, ಜೋರಿಗೆ ಇನ್ನೊಂದು ವೇಳೆ. ಇದನ್ನು ಹೊಂದಿಸುವುದೇ ವಿ.ವಿ.ಟಿ.
* ವಿ.ವಿ.ಟಿ. ಒಂದು ಭಾಗ ಅಲ್ಲ, ಐದು ಭಾಗಗಳ ಕೂಡು ಕುಟುಂಬ.
* ಹಳೇ ಕಾರಿಗೆ ತರುವುದಾದರೆ ಅದೇ ವಂಶದ ಇಡೀ ಎಂಜಿನ್ ತರುವುದು ಲೇಸು.
* ಓಡುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಸಿ.

ನಿಮಗಾಗಿ ಪ್ರಶ್ನೆಗಳು

1) ವ್ಯಾಸ 8.1 ಸೆಂ.ಮೀ., ಓಡಾಟ 7.7 ಸೆಂ.ಮೀ., ನಾಲ್ಕು ಸಿಲಿಂಡರ್. ಒಟ್ಟು ಗಾತ್ರ ಎಷ್ಟು? (ಸುಳಿವು: ಉತ್ತರ ಈ ಲೇಖನದಲ್ಲೇ ಇದೆ. ಆದರೆ ಲೆಕ್ಕ ಮಾಡಿ ತೋರಿಸಬೇಕು!)
2) ನಾಲ್ಕನೇ ಭಾಗದ ಉದಾಹರಣೆಯಲ್ಲಿ ಕ್ಯಾಮ್ ಶಾಫ್ಟನ್ನು 20ರ ಬದಲು 30 ಡಿಗ್ರಿ ಮುಂದಕ್ಕೆ ತಿರುಗಿಸಿದರೆ ಜೋಡಿ ತೆರವು ಎಷ್ಟಾಗುತ್ತದೆ?
3) ನಿಮಿಷಕ್ಕೆ 7500 ಸುತ್ತಿನಲ್ಲಿ ಒಂದು ಹೊಡೆತಕ್ಕೆ ಎಷ್ಟು ಸಮಯ?
4) ಪಂಪ್‌ಸೆಟ್ಟಿಗೆ ವಿ.ವಿ.ಟಿ. ಯಾಕೆ ಬೇಡ? ನಿಮ್ಮದೇ ಮಾತಿನಲ್ಲಿ ಬರೆಯಿರಿ.

ಉತ್ತರಗಳನ್ನು ಚೀಟಿಯಲ್ಲಿ ಬರೆದು, ಹೆಸರು ಮತ್ತು ತರಗತಿ ಹಾಕಿ, ಪತ್ರಿಕೆಯ ಕೆಳಗಿನ ಮೊಳೆಗೆ ಸಿಕ್ಕಿಸಿ. ಸರಿ ಉತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.